ತೊರೆಯ ಆಹಾರ ಜಾಲದಲ್ಲಿ ಬೇಟೆಗಾರ–ಬೇಟೆ ಸಂಬಂಧ ಏಕೆ ಬದಲಾಗುತ್ತಿರುತ್ತದೆ?

ಮುಖ್ಯ ಕಾರಣ ಗಾತ್ರ: ಬಾಯಿಗೆ ಹಿಡಿಸಿದ್ದಷ್ಟೇ ಬೇಟೆ. ಬೇಟೆಯಾಡುವ ಹಲವು ಸ್ಟೋನ್‌ಫ್ಲೈ (ಮರಿಯಾಗಿದ್ದಾಗ ನೀರಿನಲ್ಲಿ ಬೆಳೆಯುವ ಕೀಟ) ಮರಿಗಳು ಚಿಕ್ಕವಿದ್ದಾಗ ಪಾಚಿ, ಕೊಳೆತ ಎಲೆಯ ಚೂರು, ಪುಟ್ಟ ಮಿಡ್ಜ್ (ಸೊಳ್ಳೆಯಂಥ ಸಣ್ಣ ನೊಣ) ಹುಳುಗಳನ್ನು ತಿನ್ನುತ್ತವೆ. ಬಲಿತ ಮೇಲೆ ಮೇಫ್ಲೈ ಎಂಬ ಇನ್ನೊಂದು ನೀರುಕೀಟದ ಮರಿಗಳನ್ನೇ ಹಿಡಿಯುತ್ತವೆ. ಹಾಗಾಗಿ ಒಂದು ಪ್ರಭೇದಕ್ಕೆ ಜಾಲದಲ್ಲಿ ಒಂದೇ ಸ್ಥಾನ ಕೊಟ್ಟು ಕೂರಿಸುವುದು ಸರಿಯಲ್ಲ.

ಹೊತ್ತೂ ಮುಖ್ಯ. ಕಣ್ಣಿನಿಂದ ಬೇಟೆಯಾಡುವ ಮೀನುಗಳಿರುವ ತೊರೆಯಲ್ಲಿ ಮೇಫ್ಲೈ ಮರಿಗಳು ಹಗಲು ಕಲ್ಲಿನಡಿ ಅಡಗಿ, ಹೆಚ್ಚಾಗಿ ರಾತ್ರಿಯೇ ಹರಿವಿನಲ್ಲಿ ತೇಲುತ್ತವೆ. ಪ್ರವಾಹ ಬಂದರೆ ಬೇಟೆಯೇ ಕೊಚ್ಚಿಹೋಗಿ ಕೊಂಡಿಗಳು ಕಳಚುತ್ತವೆ.

ಯಾವುದು ಯಾವುದನ್ನು ತಿನ್ನುತ್ತದೆ ಎಂದು ಅಳೆಯುವಾಗ ಎಚ್ಚರ: ಬೇಟೆಗಾರನ ಹೊಟ್ಟೆ ಸೀಳಿ ನೋಡಿದರೆ ಗಟ್ಟಿ ತಲೆಚಿಪ್ಪುಗಳು ಸಿಗುತ್ತವೆ, ಮೆತ್ತನೆಯ ಹುಳುಗಳು ಬೇಗ ಕರಗಿ ಲೆಕ್ಕ ತಪ್ಪುತ್ತವೆ. ಜೊತೆಗೆ ಪ್ರಾಣಿಯ ಮೈಯಲ್ಲಿ ನೈಟ್ರೋಜನ್-15ರ (ನೈಟ್ರೋಜನ್ ಪರಮಾಣುವಿನ ಭಾರವಾದ ರೂಪ) ಪ್ರಮಾಣ ನೋಡಿ. ಆಹಾರದ ಪ್ರತಿ ಮೆಟ್ಟಿಲಿಗೆ ಅದು ಸರಾಸರಿ ಸಾವಿರಕ್ಕೆ 3.4ರಷ್ಟು ಏರುತ್ತದೆ.