ಟ್ಯಾಕ್ಸ್ ಕ್ರೆಡಿಟ್ ವಾಪಸ್ ಕಟ್ಟಲಾ, ಡಿಸ್ಪ್ಯೂಟ್ ಹಾಕಲಾ ಅಂತ ಕೇಳಿದವರಿಗೆ

ಮಗುವಿಗೆ ಅಂತ ಬಂದ ಟ್ಯಾಕ್ಸ್ ಕ್ರೆಡಿಟ್ (ಕಡಿಮೆ ಆದಾಯದ ಮನೆಗಳಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ) ಜಾಸ್ತಿ ಆಗಿತ್ತು, ವಾಪಸ್ ಕೊಡಿ ಅಂತ ಇಂಗ್ಲೆಂಡಿನಲ್ಲಿ ಪತ್ರ ಬಂದಿದೆ, ಕಂತಿನಲ್ಲಿ ಕಟ್ಟಿ ಕೈ ತೊಳೆದುಕೊಳ್ಳಲಾ ಇಲ್ಲಾ ಡಿಸ್ಪ್ಯೂಟ್, ಅಂದರೆ ವಸೂಲಿ ಮಾಡಬೇಡಿ ಅನ್ನುವ ತಕರಾರು, ಹಾಕಲಾ ಅಂದಿದ್ದೀರಿ. ಎರಡೂ ಬೇಡ. ಅಂದರೆ ಇವತ್ತು ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

2018ರ ಆಗಸ್ಟ್. ಲೆಸ್ಟರ್‌ನಲ್ಲಿದ್ದೆವು. ನಾನು ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದರೆ, ಹೆಂಡತಿ ಕೇರ್ ಹೋಮ್ ಕೆಲಸಕ್ಕೆ ಹೊರಡುವ ಹೊತ್ತು. ಬಾಗಿಲಲ್ಲೇ ಕಂದು ಲಕೋಟೆ ಕೈಗಿಟ್ಟು ಹೋದಳು. 2,268 ಪೌಂಡ್ ವಾಪಸ್ ಕಟ್ಟಬೇಕಂತೆ. ನಮ್ಮ ಮನೆ ಬಾಡಿಗೆ ತಿಂಗಳಿಗೆ ಎಷ್ಟಿತ್ತು ಅಂತ ನೆನಪಿಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ.

ಆಗಿದ್ದಿಷ್ಟು. ಮಗಳು ನರ್ಸರಿಗೆ ಹೋಗುತ್ತಿದ್ದಳು, ವಾರಕ್ಕೆ 120 ಪೌಂಡ್ ಫೀಸು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಆ ಫೀಸಿನ ಶೇಕಡ 70ರವರೆಗೆ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಸೇರುತ್ತಿತ್ತು. ನಮಗೆ ವಾರಕ್ಕೆ 84 ಪೌಂಡ್ ಸೇರುತ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಅವಳು ಶಾಲೆಗೆ ಸೇರಿದಳು, ನರ್ಸರಿ ನಿಂತಿತು, ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವ ಕ್ಲಬ್ಬಿಗೆ ಹಾಕಿದೆವು, ಅದು ವಾರಕ್ಕೆ 45 ಪೌಂಡ್. ಖರ್ಚು ವಾರಕ್ಕೆ 10 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಿಳಿಸಬೇಕು ಅನ್ನುವುದು ಆಗಿನ ನಿಯಮ. ಹೆಂಡತಿ ತೆರಿಗೆ ಇಲಾಖೆಗೆ ಫೋನ್ ಮಾಡಿ ತಿಳಿಸಿದಳು. ಅರ್ಧ ಗಂಟೆ ಸಂಗೀತ ಕೇಳಿಸಿ ಕೊನೆಗೊಬ್ಬರು ಎತ್ತಿ, ಎಲ್ಲಾ ಬರೆದುಕೊಂಡೆವು ಅಂದರು. ಬರೆದುಕೊಂಡದ್ದು ಹೌದು. ಆದರೆ ದುಡ್ಡು ಹಳೆಯ ಲೆಕ್ಕದಲ್ಲೇ ಬರುತ್ತಾ ಹೋಯಿತು. ವರ್ಷ ಮುಗಿದು ಅಂತಿಮ ಲೆಕ್ಕ ಹಾಕುವಾಗ ಮಾತ್ರ "ನರ್ಸರಿ ನಿಂತಿದೆ" ಅನ್ನುವುದಷ್ಟನ್ನೇ ಹಿಡಿದುಕೊಂಡರು. ಹೊಸ ಕ್ಲಬ್ಬಿನ ಮಾತೇ ಇಲ್ಲ. 27 ವಾರ, ವಾರಕ್ಕೆ 84, ಒಟ್ಟು 2,268.

ಈಗ ನೀವೇ ಲೆಕ್ಕ ಹಾಕಿ. ನಮಗೆ ಜಾಸ್ತಿ ಬಂದದ್ದು ನಿಜ, ಇಲ್ಲ ಅನ್ನಲ್ಲ. ಆದರೆ 45 ಪೌಂಡಿನ ಶೇಕಡ 70, ಅಂದರೆ ವಾರಕ್ಕೆ 31 ಪೌಂಡ್ 50 ಪೆನ್ಸ್ ನಮಗೆ ನ್ಯಾಯವಾಗಿ ಸಿಗಬೇಕಿತ್ತು. 27 ವಾರಕ್ಕೆ ಅದು 850 ಪೌಂಡ್ ಆಗುತ್ತೆ. ಆ 850 ನಮಗೆ ಜಾಸ್ತಿ ಬಂದದ್ದೇ ಅಲ್ಲ. ಅದು ನಮ್ಮದೇ ದುಡ್ಡು.

ನಾನು ಮಾಡಿದ ತಪ್ಪು ಇಲ್ಲಿದೆ. ಕೆಲಸದಲ್ಲಿ ಜೊತೆಗಿದ್ದ ಒಬ್ಬರು "ಡಿಸ್ಪ್ಯೂಟಿಗೆ ಟಿಸಿ846 ಅನ್ನೋ ಫಾರ್ಮ್ ಇದೆ, ಅದು ಹಾಕಿದರೆ ಮುಗೀತು" ಅಂದರು. ಹಾಕಿದೆ. ಇದೊಂದು ಅಪೀಲು, ಯಾರೋ ಕೂತು ನಮ್ಮ ಕೇಸನ್ನು ಮೊದಲಿಂದ ನೋಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಇದನ್ನು ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ಬೇಜಾರು ಹಿಡಿಸಿದ್ದೇನೆ, ನಿಮಗೂ ಹೇಳುತ್ತೇನೆ.

ಕಿರಾಣಿ ಅಂಗಡಿಯವನು ತಿಂಗಳ ಲೆಕ್ಕದ ಚೀಟಿ ಕೊಟ್ಟ ಅಂದುಕೊಳ್ಳಿ. "ನಿನ್ನ ಕೂಡಿಸುವಿಕೆಯೇ ತಪ್ಪು, ನಾನು ತಗೊಂಡದ್ದು ಎರಡು ಕೆಜಿ, ನೀನು ಐದು ಬರೆದಿದ್ದೀಯ" ಅನ್ನುವುದು ಒಂದು ಜಗಳ. "ಲೆಕ್ಕ ಸರಿಯಪ್ಪಾ, ಆದರೆ ನಾನು ಬೇಡ ಅಂದಮೇಲೂ ನಿನ್ನ ಹುಡುಗ ತಂದು ಸುರಿದು ಹೋದ, ಅದಕ್ಕೆ ನಾನ್ಯಾಕೆ ಕೊಡಲಿ" ಅನ್ನುವುದು ಇನ್ನೊಂದು. ಟಿಸಿ846 ಎರಡನೆಯ ಜಗಳಕ್ಕೆ ಮಾತ್ರ. ಅದನ್ನು ನೋಡುವವರು ಮೊತ್ತ ಸರಿಯಿದೆ ಅಂತ ಇಟ್ಟುಕೊಂಡೇ ಶುರು ಮಾಡುತ್ತಾರೆ. ತಪ್ಪು ಯಾರದ್ದು, ವಸೂಲಿ ಮಾಡಬೇಕೋ ಬೇಡವೋ, ಅಷ್ಟೇ ಅವರ ಕೆಲಸ. ಮೊದಲನೆಯ ಜಗಳಕ್ಕೆ ಬೇರೆ ಬಾಗಿಲು. ಅದರ ಹೆಸರು ಮ್ಯಾಂಡೇಟರಿ ರೀಕನ್ಸಿಡರೇಶನ್, ಅಂದರೆ ತೀರ್ಮಾನವನ್ನೇ ಮತ್ತೆ ನೋಡಿ ಅಂತ ಕೇಳುವುದು. ಅಲ್ಲೂ ಆಗಲ್ಲ ಅಂದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಅಲ್ಲಿ ಇಲಾಖೆಗೆ ಸೇರದ ಜಡ್ಜ್ ಕೂತಿರುತ್ತಾರೆ. ಡಿಸ್ಪ್ಯೂಟಿನಲ್ಲಿ ಸೋತರೆ ಆ ಟ್ರಿಬ್ಯುನಲ್ ದಾರಿ ಇಲ್ಲ.

ಇನ್ನು ಗಡುವು. ಡಿಸ್ಪ್ಯೂಟಿಗೆ ಮೂರು ತಿಂಗಳು ಕೊಡುತ್ತಾರೆ. ತೀರ್ಮಾನ ಮತ್ತೆ ನೋಡಿ ಅನ್ನುವುದಕ್ಕೆ ಬರೀ 30 ದಿನ. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಎಳೆದಾಡಿ 13 ತಿಂಗಳವರೆಗೆ ಕೇಳಬಹುದು, ಅದಾದ ಮೇಲೆ ಬಾಗಿಲು ಬಂದ್. ನಾನು ಮೂರು ತಿಂಗಳು ಅನ್ನುವುದನ್ನೇ ಓದಿ ಆರಾಮಾಗಿದ್ದೆ. ಅಕ್ಟೋಬರಿನಲ್ಲಿ ಫಾರ್ಮ್ ಹಾಕಿದೆ. ಮಧ್ಯೆ ಇಲಾಖೆಗೆ ಬರೆದು ಹೆಂಡತಿ ಮಾಡಿದ ಫೋನಿನ ರೆಕಾರ್ಡಿಂಗ್ ಕೂಡ ತರಿಸಿಕೊಂಡೆ. ನಮ್ಮ ಬಗ್ಗೆ ಅವರು ಇಟ್ಟುಕೊಂಡಿರುವ ದಾಖಲೆ ಕೇಳುವ ಹಕ್ಕು ಇದೆ, ನೀವೂ ಕೇಳಿ. ಅದರಲ್ಲಿ ಅವಳ ದನಿ ಸ್ಪಷ್ಟವಾಗಿತ್ತು, ಕ್ಲಬ್ಬಿನ ಹೆಸರು, 45 ಪೌಂಡ್, ರಿಜಿಸ್ಟ್ರೇಶನ್ ನಂಬರು, ಎಲ್ಲಾ. ಗೆದ್ದೆವು ಅಂತ ಆ ರಾತ್ರಿ ಹೋಳಿಗೆ ಮಾಡಿದಳು.

ಫೆಬ್ರವರಿಯಲ್ಲಿ ಉತ್ತರ ಬಂತು. ನೀವು ಫೋನ್ ಮಾಡಿದ್ದು ಸರಿ. ಆದರೆ 2017ರ ಅಕ್ಟೋಬರಿನಲ್ಲಿ ಕಳಿಸಿದ ಅವಾರ್ಡ್ ನೋಟಿಸಿನಲ್ಲಿ, ಅಂದರೆ ಯಾವ ಲೆಕ್ಕದಲ್ಲಿ ಎಷ್ಟು ದುಡ್ಡು ಅಂತ ತಿಳಿಸುವ ಪತ್ರದಲ್ಲಿ, ಹಳೆಯ ನರ್ಸರಿ ಫೀಸೇ ಇತ್ತು. 30 ದಿನದಲ್ಲಿ ನೋಡಿ ತಪ್ಪಿದೆ ಅಂತ ಹೇಳುವುದು ನಿಮ್ಮ ಜವಾಬ್ದಾರಿ, ಹೇಳಿಲ್ಲ, ಪೂರ್ತಿ ಕಟ್ಟಿ. ಆ ನೋಟಿಸನ್ನು ನಾನು ಒಡೆದೂ ಇರಲಿಲ್ಲ. ಮಿಕ್ಸಿ ವಾರಂಟಿ ಕಾರ್ಡು, ಊರಿನ ಮದುವೆ ಪತ್ರಿಕೆಗಳ ಜೊತೆ ಡ್ರಾಯರಿನಲ್ಲಿ ಬಿದ್ದಿತ್ತು. ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಈ ನಿಯಮ ಎಲ್ಲಿದೆ ಅಂದರೆ ಕೋಡ್ ಆಫ್ ಪ್ರಾಕ್ಟೀಸ್ 26 ಅನ್ನುವ ಕಿರುಪುಸ್ತಕದಲ್ಲಿ. ಎಲ್ಲರೂ ಕಾಪ್ 26 ಅನ್ನುತ್ತಾರೆ, ಹುಡುಕಿದರೆ ಗ್ಲಾಸ್ಗೋದಲ್ಲಿ ನಡೆದ ಹವಾಮಾನ ಸಭೆ ಸಿಗುತ್ತೆ, ಗಾಬರಿ ಆಗಬೇಡಿ. ಅದರಲ್ಲಿ ನಿಮ್ಮ ಜವಾಬ್ದಾರಿ ಇದು, ನಮ್ಮ ಜವಾಬ್ದಾರಿ ಇದು ಅಂತ ಬರೆದಿದ್ದಾರೆ. ನಿಮ್ಮ ಕಡೆಯದ್ದೆಲ್ಲಾ ನೀವು ಮಾಡಿ, ಅವರ ಕಡೆಯದ್ದು ಅವರು ಮಾಡಿಲ್ಲ ಅಂದರೆ ಮಾತ್ರ ಡಿಸ್ಪ್ಯೂಟ್ ಗೆಲ್ಲುವುದು. "ನಾವು ಬಡವರು, ದುಡ್ಡು ಖರ್ಚಾಗಿದೆ" ಅಂತ ಬರೆದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಎರಡನೇ ಪತ್ರದಲ್ಲಿ ಅದನ್ನೇ ನಾಲ್ಕು ಪುಟ ಬರೆದೆ.

ಕೊನೆಗೆ 2019ರ ಅಕ್ಟೋಬರಿನಲ್ಲಿ ಬಿಟ್ಟಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಹೆಂಗಸು ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕ್ಲಬ್ಬಿನ ರಸೀದಿ ಇದೆಯಾ ಅಂದರು. ಇತ್ತು, ಅದೇ ಡ್ರಾಯರಿನಲ್ಲಿ. ಈ 850 ಅನ್ನು ರಸೀದಿ ತೋರಿಸಿಯೇ ತೆಗೆಸಬಹುದಿತ್ತು, ತಪ್ಪು ಯಾರದ್ದು ಅನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ, ಯಾಕೆ ಕೇಳಲಿಲ್ಲ ಅಂದರು. ಬೆರಳು ಮಡಚಿ ತಿಂಗಳು ಎಣಿಸಿದರು. ಹದಿನಾಲ್ಕು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋಗಿದ್ದೆ ನಾನು. ತಿಂಗಳಿಗೆ 189ರಂತೆ 12 ಕಂತು ಕಟ್ಟಿದೆವು.

ಅದಕ್ಕೇ ಹೇಳಿದ್ದು, ಕಟ್ಟಲಾ ಡಿಸ್ಪ್ಯೂಟ್ ಹಾಕಲಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮೊದಲು ಮೊತ್ತ ನೋಡಿ. ಆ ವರ್ಷದ ನಿಮ್ಮ ಆದಾಯ ಸರಿಯಾಗಿ ಹಾಕಿದ್ದಾರಾ? ಮೊದಲು ಕೊಡುತ್ತಿದ್ದದ್ದು ಹಿಂದಿನ ವರ್ಷದ ಆದಾಯದ ಅಂದಾಜಿನ ಮೇಲೆ, ಏಪ್ರಿಲ್ 5ಕ್ಕೆ ವರ್ಷ ಮುಗಿದ ಮೇಲೆಯೇ ಅಸಲಿ ಲೆಕ್ಕ. ಹಾಗಾಗಿ ಏನೂ ತಪ್ಪು ಮಾಡದವರಿಗೂ ಈ ಪತ್ರ ಬರುತ್ತಿತ್ತು. 2016ರಿಂದೀಚೆಗೆ ವರ್ಷದಲ್ಲಿ ಆದಾಯ ಏರಿದರೆ ಮೊದಲ 2,500 ಪೌಂಡ್ ಲೆಕ್ಕಕ್ಕೆ ಹಿಡಿಯಬಾರದು, ಅದನ್ನು ಬಿಟ್ಟಿದ್ದಾರಾ? ಮಗುವಿನ ಫೀಸು ಎಷ್ಟು ಹಾಕಿದ್ದಾರೆ? ಎಲ್ಲೇ ತಪ್ಪು ಕಂಡರೂ 30 ದಿನದ ಒಳಗೆ ತೀರ್ಮಾನ ಮತ್ತೆ ನೋಡಿ ಅಂತ ಬರೆದು ಕಳಿಸಿ. ಅದರ ಜೊತೆಗೆ ಡಿಸ್ಪ್ಯೂಟನ್ನೂ ಹಾಕಬಹುದು, ಒಂದು ಹಾಕಿದರೆ ಇನ್ನೊಂದು ಹೋಗಲ್ಲ. ಆದರೆ ಬರೀ ಡಿಸ್ಪ್ಯೂಟ್ ಹಾಕಿ ಕೂತರೆ ವಸೂಲಿ ನಿಲ್ಲಲ್ಲ, ಅದು ನೆನಪಿರಲಿ.

ಸುಮ್ನೆ ಪತ್ರ ಬಚ್ಚಿಡುವುದಂತೂ ಬೇಡ. ಟ್ಯಾಕ್ಸ್ ಕ್ರೆಡಿಟ್ 2025ರ ಏಪ್ರಿಲ್ 5ಕ್ಕೆ ನಿಂತೇ ಹೋಯಿತು, ಸಾಲ ಮಾತ್ರ ನಿಂತಿಲ್ಲ. ಅದರ ಬದಲಿಗೆ ಬಂದ ಯೂನಿವರ್ಸಲ್ ಕ್ರೆಡಿಟ್ ಕೊಡುವ ಇಲಾಖೆಯ ಕೈಗೆ ಅದು ಹೋಗಿದ್ದರೆ, ಕೋರ್ಟಿಗೆ ಹೋಗದೆಯೇ ನಿಮ್ಮ ಸಂಬಳದಿಂದ ನೇರವಾಗಿ ಹಿಡಿಯುವ ಅಧಿಕಾರ ಅವರಿಗಿದೆ. ಕಟ್ಟಲೇಬೇಕಾಗಿ ಬಂದರೆ ಮನೆ ಖರ್ಚಿನ ಪಟ್ಟಿ ಇಟ್ಟುಕೊಂಡು ಫೋನ್ ಮಾಡಿ, ಕಂತು ಸಣ್ಣದು ಮಾಡಿಸಿಕೊಳ್ಳಿ. ಮಾತಾಡಿದವರ ಹೆಸರು, ಗಂಟೆ, ತಾರೀಖು ಬರೆದಿಟ್ಟುಕೊಳ್ಳಿ.

ನಿಮ್ಮ ಪತ್ರದ ತಾರೀಖು ಯಾವುದು ಅಂತ ನೀವು ಬರೆದೇ ಇಲ್ಲ. ಮೊದಲು ಅದನ್ನು ಹೇಳಿ.