ಓದುಗರ ಪ್ರಶ್ನೆ: ಪದವಿ ತರಗತಿಯಲ್ಲಿ ಇಂಗ್ಲಿಷ್ ಮಾತು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಬಿ.ಎ. ಮೊದಲ ಸೆಮಿಸ್ಟರಿನಲ್ಲಿ 80 ವಿದ್ಯಾರ್ಥಿಗಳಿದ್ದು, ಬಹುತೇಕರು ಕನ್ನಡ ಮಾಧ್ಯಮದಿಂದ ಬಂದವರು. ಪಾಠವನ್ನು ಕನ್ನಡದಲ್ಲಿ ವಿವರಿಸಿದರೆ ಕೇಳುತ್ತಾರೆ, ನೋಟ್ಸ್ ಬಾಯಿಪಾಠ ಮಾಡಿ ಪಾಸಾಗುತ್ತಾರೆ. ಎರಡು ವಾಕ್ಯ ಮಾತನಾಡಿ ಎಂದರೆ ತಲೆ ತಗ್ಗಿಸುತ್ತಾರೆ. ವ್ಯಾಕರಣವನ್ನು ಮೊದಲಿನಿಂದ ಕಲಿಸಬೇಕೇ?

ಉತ್ತರ: ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ವಿದ್ಯಾರ್ಥಿಗಳು ಕಾಲಗಳ ಪಟ್ಟಿಯನ್ನು ಶಾಲೆಯಲ್ಲಿ ಹಲವು ಬಾರಿ ಬರೆದವರೇ. ಅವರಿಗೆ ಸಿಗದೇ ಹೋದದ್ದು ನಿಯಮವಲ್ಲ, ಆ ನಿಯಮವನ್ನು ಬಳಸಲೇಬೇಕಾದ ಸಂದರ್ಭ. ಈ ವಿಷಯದಲ್ಲಿ ನಮ್ಮ ನೆಲದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠಗಳನ್ನು ಬದಿಗಿಟ್ಟು, ರೈಲು ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮಕ್ಕಳ ಮುಂದಿಟ್ಟು, ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಟ್ಟರು. ಭಾಷಾಬೋಧನೆಯ ಜಗತ್ತಿನಲ್ಲಿ ಅದು ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧ. ಗಮನವು ಅರ್ಥದ ಮೇಲಿದ್ದಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ತಿರುಳು.

ಇದನ್ನು ನಿಮ್ಮ ತರಗತಿಗೆ ಹೀಗೆ ಒಗ್ಗಿಸಿಕೊಳ್ಳಬಹುದು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಹಾವೇರಿಯಿಂದ ಬೆಂಗಳೂರಿಗೆ ಹೋಗುವ ನಾಲ್ಕೈದು ಬಸ್ಸು, ರೈಲುಗಳ ಸಮಯ ಮತ್ತು ದರವಿರುವ ಚೀಟಿ ಕೊಡಿ. ನೀವೇ ಬರೆದ ಕಾಲ್ಪನಿಕ ಪಟ್ಟಿಯಾದರೂ ನಡೆಯುತ್ತದೆ. ಇನ್ನೊಬ್ಬರ ಚೀಟಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಸಂದರ್ಶನವಿದೆ, ಕೈಯಲ್ಲಿರುವ ಹಣ ಇಷ್ಟೇ, ಜೊತೆಯಲ್ಲಿ ವಯಸ್ಸಾದ ಅಜ್ಜಿ ಇದ್ದಾರೆ ಎಂಬ ಷರತ್ತುಗಳಿರಲಿ. ಚೀಟಿಗಳನ್ನು ಪರಸ್ಪರ ತೋರಿಸುವಂತಿಲ್ಲ. ಕೇಳದೆ, ಹೇಳದೆ ಕೆಲಸ ಮುಗಿಯುವುದಿಲ್ಲವಾದ್ದರಿಂದ ಮಾತು ಹೊರಡಲೇಬೇಕಾಗುತ್ತದೆ. ಮೊದಲ ಹತ್ತು ನಿಮಿಷ ಇಂಥದ್ದೇ ಇನ್ನೊಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ, ಬೇಕಾದ ವಾಕ್ಯಗಳು ಅವರ ಕಿವಿಗೆ ಬಿದ್ದಿರುತ್ತವೆ.

ಪ್ರಭು ಅವರಿಗೆ ಜೋಡಿಯಾಗಿ ಮಾಡಿಸುವ ಕೆಲಸದ ಬಗ್ಗೆ ಒಲವಿರಲಿಲ್ಲ. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿತಾರು ಎಂಬುದು ಅವರ ಆತಂಕ. ಆದರೆ 80 ಜನರಿರುವಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತನಾಡಿಸಿದರೆ, ಒಂದು ಗಂಟೆಯ ಅವಧಿಯಲ್ಲಿ ಒಬ್ಬರಿಗೆ ಒಂದು ನಿಮಿಷವೂ ದಕ್ಕುವುದಿಲ್ಲ. ಎಲ್ಲರೆದುರು ನಿಲ್ಲುವ ಸಂಕೋಚ ಬೇರೆ. ಹಾಗಾಗಿ ಈ ಒಂದು ಅಂಶದಲ್ಲಿ ಅವರ ಮಾತನ್ನು ಮೀರುವುದೇ ಸರಿ ಎಂದು ನನಗನ್ನಿಸುತ್ತದೆ.

ವಿದ್ಯಾರ್ಥಿಗಳು ಮಾತನಾಡುತ್ತಿರುವಾಗ ನಡುವೆ ತಿದ್ದಬೇಡಿ. ನೋಟ್‌ಬುಕ್ ಹಿಡಿದು ಬೆಂಚುಗಳ ನಡುವೆ ನಡೆಯುತ್ತಾ ಪದೇ ಪದೇ ಕೇಳಿಸುವ ಮೂರ್ನಾಲ್ಕು ತಪ್ಪುಗಳನ್ನು ಗುರುತು ಹಾಕಿಕೊಂಡು, ಕೊನೆಯ ಹತ್ತು ನಿಮಿಷಗಳಲ್ಲಿ ಯಾರ ಹೆಸರನ್ನೂ ಹೇಳದೆ ಬೋರ್ಡಿನ ಮೇಲೆ ಬರೆದು, ಅವರಿಂದಲೇ ತಿದ್ದಿಸಿ. ‘ಹೌ ಮಚ್ ಟೈಮ್ ಇಟ್ ವಿಲ್ ರೀಚ್’ ಎಂದು ಅರ್ಧ ತರಗತಿ ಕೇಳಿದ್ದರೆ, ‘ವಾಟ್ ಟೈಮ್ ಡಸ್ ಇಟ್ ರೀಚ್ ಬೆಂಗಳೂರು’ ಎಂಬುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ವ್ಯಾಕರಣಕ್ಕೆ ಜಾಗವಿರುವುದು ಇಲ್ಲಿ. ಕನ್ನಡದಲ್ಲಿ ಊರಿಂದ, ಊರಲ್ಲಿ, ಊರಿಗೆ ಎಂದು ಪ್ರತ್ಯಯ ನಾಮಪದದ ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವ ಪದ ಮುಂಚೆ ಬರುತ್ತದೆ ಎಂಬುದನ್ನು ಕನ್ನಡದಲ್ಲೇ ಎರಡು ನಿಮಿಷ ವಿವರಿಸುವುದರಲ್ಲಿ ಯಾವ ತಪ್ಪೂ ಇಲ್ಲ.

ನಾನು ಒಪ್ಪದಿರುವುದು ಪಠ್ಯವನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುವ ರೂಢಿಯನ್ನು. ಮುಂದಿನ ಸಾಲಿನ ಅರ್ಥ ಮೇಷ್ಟ್ರ ಬಾಯಿಂದಲೇ ಕನ್ನಡದಲ್ಲಿ ಬರುತ್ತದೆಂದು ಗೊತ್ತಿದ್ದವರು ಇಂಗ್ಲಿಷಿಗೆ ಕಿವಿಗೊಡುವ ಗೋಜಿಗೇ ಹೋಗುವುದಿಲ್ಲ.

ಸ್ವಲ್ಪ ಧೈರ್ಯ ಬಂದ ಮೇಲೆ ಇನ್ನೊಂದು ವಿಧಾನವಿದೆ. ಒಂದೇ ವಿಷಯವನ್ನು, ಉದಾಹರಣೆಗೆ ತಮ್ಮೂರಿನ ಜಾತ್ರೆಯನ್ನು, ಮೊದಲು ಒಬ್ಬರಿಗೆ ನಾಲ್ಕು ನಿಮಿಷ, ಮತ್ತೊಬ್ಬರಿಗೆ ಮೂರು, ಮಗದೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. ಕೇಳುವವರು ಬದಲಾಗುವುದರಿಂದ ಬೇಸರವಾಗದು. ಏನು ಹೇಳಬೇಕೆಂಬುದು ಆಗಲೇ ಕೂಡಿಬಂದಿರುವುದರಿಂದ ತಡವರಿಕೆ ಕಡಿಮೆಯಾಗುತ್ತದೆ. ಆರಂಭದಲ್ಲಿ ಮೂರು, ಎರಡು, ಒಂದು ನಿಮಿಷ ಸಾಕು.

ಆಂತರಿಕ ಮೌಲ್ಯಮಾಪನದಲ್ಲಿ ನಿಮಗೆ ಅವಕಾಶವಿದ್ದಷ್ಟು ಅಂಕಗಳನ್ನು ಇಂಥ ಮಾತುಕತೆಗೆ ಮೀಸಲಿಡಿ. ಅಂಕವಿಲ್ಲದ ಕೆಲಸವನ್ನು ವಿದ್ಯಾರ್ಥಿಗಳು ಹಗುರವಾಗಿ ತೆಗೆದುಕೊಂಡರೆ ಅದಕ್ಕೆ ಅವರನ್ನು ದೂರಲಾಗದು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಇಂಗ್ಲಿಷ್ ಪುಸ್ತಕ ಹಿಡಿದರೆ ಪ್ರತಿ ಸಾಲಿಗೂ ನಿಘಂಟು ತೆರೆಯಬೇಕಾಗುತ್ತದೆ. ಏನು ಮಾಡಲಿ?

ಉತ್ತರ: ನೀವು ಹಿಡಿದ ಪುಸ್ತಕ ಸದ್ಯಕ್ಕೆ ನಿಮಗೆ ಕಠಿಣ, ಅಷ್ಟೇ. ನಿಘಂಟಿನ ನೆರವಿಲ್ಲದೆ ಸರಾಗವಾಗಿ ಓದಲು ನೂರರಲ್ಲಿ 98ರಷ್ಟು ಪದಗಳು ಗೊತ್ತಿರಬೇಕು ಎಂಬುದು ಈ ಕ್ಷೇತ್ರದ ಸಂಶೋಧಕರು ಸಾಮಾನ್ಯವಾಗಿ ಹೇಳುವ ಅಳತೆ. ಆದ್ದರಿಂದ ಭಾಷೆ ಕಲಿಯುವವರಿಗೆಂದೇ ಹಂತ ಹಂತವಾಗಿ ಸರಳಗೊಳಿಸಿದ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ, ದಿನಕ್ಕೆ ಕೆಲವು ಪುಟ ಓದಿ. ವಿಜ್ಞಾನದ ಪಠ್ಯವನ್ನು ಬಿಡುವಂತಿಲ್ಲವಲ್ಲ. ಅದಕ್ಕೆ ಮೊದಲು ಅದೇ ಅಧ್ಯಾಯದ ವಿಷಯವನ್ನು ಕನ್ನಡದಲ್ಲಿ ಓದಿಕೊಳ್ಳಿ, ಆಮೇಲೆ ಇಂಗ್ಲಿಷಿನದನ್ನು ಒಮ್ಮೆ ನಿಲ್ಲಿಸದೆ ಓದಿ, ಎರಡನೆಯ ಸಲ ಮಾತ್ರ ನಿಘಂಟು ನೋಡಿ. ಹೊಸ ಪದವನ್ನು ಒಂಟಿಯಾಗಿ ಬರೆಯದೆ ಅದು ಬಂದ ಇಡೀ ವಾಕ್ಯದೊಂದಿಗೆ ಬರೆದಿಟ್ಟು, ಮರುದಿನ ಮತ್ತು ವಾರದ ನಂತರ ಅರ್ಥವನ್ನು ಮುಚ್ಚಿ ನೆನಪಿಸಿಕೊಳ್ಳಿ.