ಹಾಡು ಬಿಟ್ಟ ನಾಲ್ಕು ತಿಂಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತ ಸಲಹೆಗೆಂದು ನನ್ನ ಬಳಿ ಬಂದ ಅವಳಿಗೆ 27 ವರ್ಷ. ಊರು ಬೆಟಗೇರಿ, ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್ ಕೆಲಸ. ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದದ್ದರಿಂದ ಹಿಡಿದು ತನ್ನ ಮನೆತನದ ಕಥೆಯನ್ನು ಕುಳಿತ ಕೂಡಲೇ ಒಪ್ಪಿಸಿದಳು. ಅದು ಜಂಬವಲ್ಲ, ಏನು ಕಳೆದುಕೊಳ್ಳುವ ಭಯವೆಂದು ನನಗೆ ತಿಳಿಯಲಿ ಎಂದು. ಹಾಸ್ಟೆಲ್ ದಿನಗಳ ಗೆಳತಿಯೊಬ್ಬಳು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಅವಳ ಮನಸ್ಸು ಹೆಣ್ಣಿನತ್ತ ಒಲಿಯುವುದು ಮೊಬೈಲಿನ ಸಂದೇಶಗಳಿಂದ ದೊಡ್ಡಪ್ಪನಿಗೆ ಗೊತ್ತಾಗಿತ್ತು. ಮೂರು ದಿನ ಉಪವಾಸ ಪ್ರಾರ್ಥನೆ ನಡೆಯಿತು. ಆಮೇಲೆ ನಿಶ್ಚಿತಾರ್ಥದ ಮಾತು. ಅವಳು ಚೀಲದಿಂದ ಸತ್ಯವೇದ (ಬೈಬಲ್) ತೆಗೆದು ತೋರಿಸಿದಳು: ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ, ಸಲಿಂಗ ಸಂಬಂಧವನ್ನು ಖಂಡಿಸುವ ಸಾಲುಗಳಿಗೆ ದೊಡ್ಡಪ್ಪ ಕೆಂಪು ಪೆನ್ನಿನಿಂದ ಎಳೆದ ಗೆರೆ, ಹಾಳೆ ಹರಿಯುವಷ್ಟು ಒತ್ತಿ. ಚರ್ಚಿನ ಗಾಯನ ವೃಂದದಲ್ಲಿ ಹಾಡುವುದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು. ನಿದ್ದೆಯೂ ಇರಲಿಲ್ಲ.

ಇಲ್ಲಿ ನಾನು ಎಡವಿದೆ. "ಸ್ವಲ್ಪ ದಿನ ಚರ್ಚಿನಿಂದ ದೂರವಿರಿ" ಎಂದುಬಿಟ್ಟೆ. "ಮೇಡಂ, ಎಲ್ಲರೂ ಏನಾದರೊಂದನ್ನು ಬಿಡು ಎನ್ನುತ್ತಾರೆ. ನೀವೂ ಅಷ್ಟೇ" ಎಂದಳು. ಕೇಳಬೇಕಾದ ಪ್ರಶ್ನೆಯನ್ನು ಆಗ ಕೇಳಿದೆ: ನಿಮಗೆ ಏನು ಬೇಕು? ತನ್ನಂತೆಯೇ ಇದ್ದು, ತನ್ನಂತೆಯೇ ಪ್ರಾರ್ಥಿಸುವ ಇನ್ನೊಬ್ಬರನ್ನು ನೋಡಬೇಕು, ಅಷ್ಟೇ ಎಂದಳು.

ಮೂರನೆಯ ಭೇಟಿಗೆ ತಾಯಿ ಬಂದರು. "ಇದಕ್ಕೆ ಔಷಧವಿಲ್ಲವೇ?" ಎಂದರು. ಕಾಯಿಲೆಯೇ ಅಲ್ಲದಾಗ ಔಷಧ ಎಲ್ಲಿಂದ? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಇದನ್ನು 'ಬದಲಿಸುವ' ಚಿಕಿತ್ಸೆ ವೈದ್ಯರ ವೃತ್ತಿದೋಷವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಎಲ್ಲವನ್ನೂ ಕೇಳಿಸಿಕೊಂಡ ತಾಯಿ, "ಸರಿ, ನಮ್ಮ ಅಯ್ಯನವರಿಗೆ ಏನು ಹೇಳಲಿ?" ಎಂದರು. ಅಯ್ಯನವರೆಂದರೆ ಅವರ ಚರ್ಚಿನ ಪಾದ್ರಿ. ನಿಜವಾದ ಪ್ರಶ್ನೆ ಅದೇ. ಏನೂ ಹೇಳಬೇಡಿ, ಹೇಳುವುದು ಬಿಡುವುದು ಮಗಳಿಗೆ ಸೇರಿದ್ದು ಎಂದೆ. ಭಾರತದ ಚರ್ಚುಗಳ ರಾಷ್ಟ್ರೀಯ ಮಂಡಳಿಯಲ್ಲೇ ಈ ಕುರಿತು ವರ್ಷಗಳಿಂದ ಮಾತುಕತೆ ನಡೆದಿದೆ ಎಂದಾಗ ತಾಯಿ ಮೊದಲ ಸಲ ಮಗಳ ಮುಖ ನೋಡಿದರು.

ಕಾನೂನನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದೆ. 2018ರಿಂದ ಇದು ಅಪರಾಧವಲ್ಲ. ಆದರೆ ಸುಪ್ರೀಂ ಕೋರ್ಟಿನ 2023ರ ತೀರ್ಪು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲಿಲ್ಲ. ಅವಳ ಒಪ್ಪಿಗೆಯಿಲ್ಲದೆ ಅವಳ ಮದುವೆ ಮಾಡುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಉಳಿದ ಸಲಹೆಗಳು ಸಣ್ಣವು. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಗೆಳತಿಯ ಮನೆಯಲ್ಲಿರಲಿ. ಒತ್ತಡಕ್ಕೆ ಮಣಿದು ಯಾರ ಮುಂದೆಯೂ ತನ್ನ ಒಲವಿನ ವಿಷಯ ಹೇಳಿಕೊಳ್ಳುವುದು ಬೇಡ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ.

ಗೆಳತಿ ವಿಚಾರಿಸಿ ವಿಚಾರಿಸಿ ಇಬ್ಬರನ್ನು ಹುಡುಕಿದಳು: ಧಾರವಾಡದ ಒಬ್ಬ ಗೇ ಶಿಕ್ಷಕ, ಅವನ ಜೊತೆ ಬರುವ ಅಕ್ಕ. ಕೇಶ್ವಾಪುರದ ಗೆಳತಿಯ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಕೂಡುತ್ತಾರೆ. ಫೋಟೋ ಬೇಡ, ಮನೆತನದ ಹೆಸರು ಕೇಳುವುದು ಬೇಡ ಎಂದಿದ್ದೆ. ಉಪದೇಶವೂ ಬೇಡ ಎಂಬುದನ್ನು ಅಕ್ಕ ಸೇರಿಸಿದರಂತೆ. ಮೊದಲ ಸಲ ಅರ್ಧ ಗಂಟೆ ಯಾರೂ ಬಾಯಿ ಬಿಡಲಿಲ್ಲ, ಮಿರ್ಚಿ ಬಜ್ಜಿ ತಣ್ಣಗಾಯಿತು. ಕೊನೆಗೆ ಶಿಕ್ಷಕ, "ನೀವು ಯಾವ ದನಿ ಹಾಡುತ್ತೀರಿ?" ಎಂದ. "ಆಲ್ಟೋ" ಎಂದಳು, ವೃಂದದಲ್ಲಿ ಹೆಂಗಸರು ಹಾಡುವ ತಗ್ಗು ದನಿ.

ನಿಶ್ಚಿತಾರ್ಥ ಮುಂದಕ್ಕೆ ಹೋಗಿದೆ, ರದ್ದಾಗಿಲ್ಲ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ. ಆ ಭಾನುವಾರದ ಹಿಂದಿನ ರಾತ್ರಿ ತಾಯಿ ಫೋನ್ ಮಾಡಿ, "ನಾಳೆ ಎಷ್ಟು ಜನರಿಗೆ ಅಡುಗೆ?" ಎಂದಷ್ಟೇ ಕೇಳುತ್ತಾರಂತೆ.